ಮುಂದಿನ ಅಪರಾಧ ಕಾದಂಬರಿಗೆ ಮೊದಲು ಏನೇನು ಓದಬೇಕು: ಕಲಬುರಗಿಯಿಂದ ಒಂದು ಸಮಗ್ರ ಮಾರ್ಗದರ್ಶಿ

ನನ್ನ ಹಿಂದಿನ ಕಾದಂಬರಿಯಲ್ಲಿ ಒಂದು ಹೆಣ ಇತ್ತು. ಮೇ ತಿಂಗಳ ಮಧ್ಯಾಹ್ನ, ಊರ ಹೊರಗಿನ ತಗಡಿನ ಶೆಡ್ಡು. ಪಿಎಸ್‌ಐ ಬಗ್ಗಿ ಕೈ ಮುಟ್ಟಿ ನೋಡುತ್ತಾನೆ. 'ಮಂಜುಗಡ್ಡೆಯ ಹಾಗೆ ತಣ್ಣಗಿತ್ತು' ಅಂತ ಬರೆದಿದ್ದೆ. ಪುಸ್ತಕ ಬಂದ ಮೇಲೆ ವೈದ್ಯರೊಬ್ಬರು ಫೋನ್ ಮಾಡಿದರು. "ನಮ್ಮೂರಾಗ ಮೇ ತಿಂಗಳ ತಗಡಿನ ಕೆಳಗ ಹೆಣ ಹ್ಯಾಂಗ ತಣ್ಣಗಾಗ್ತದ ಹೇಳ್ರಿ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಸಾಲು ಕಲಬುರಗಿಯಲ್ಲಿ ಹುಟ್ಟಿದ್ದೇ ಅಲ್ಲ. ಚಳಿ ದೇಶದ ಯಾವುದೋ ಕತೆಯಿಂದ ಬಂದು ನನ್ನ ತಲೆಯಲ್ಲಿ ಕೂತಿತ್ತು.

ಆವತ್ತಿನಿಂದ ಓದುವ ರೀತಿ ಬದಲಾಯಿಸಿಕೊಂಡೆ. ಈಗ ಮುಂದಿನ ಕಾದಂಬರಿಗೆ ತಯಾರಿ ನಡೆದಿದೆ. ಚಿತ್ತಾಪುರ ಕಡೆಯ ಒಂದು ಹಳೆಯ ಫರ್ಸಿ ಕಲ್ಲಿನ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ ಗಣಿ, ಅದರಲ್ಲಿ ನಿಂತ ನೀರು, ನೀರಿನಲ್ಲಿ ತೇಲುವ ಒಬ್ಬ ರೈತನ ಹೆಣ. ಹಿಂದೆ ಇಬ್ಬರು ಅಣ್ಣತಮ್ಮಂದಿರು, ಒಬ್ಬಳು ತಂಗಿ, ಹನ್ನೊಂದು ಎಕರೆ ಕರಿ ಹೊಲ. ಇದಕ್ಕೆ ಏನೇನು ಓದುತ್ತಿದ್ದೇನೆ, ಯಾವ ಕ್ರಮದಲ್ಲಿ ಓದುತ್ತಿದ್ದೇನೆ ಅನ್ನುವುದನ್ನು ಇಲ್ಲಿ ಹೇಳುತ್ತೇನೆ. ನಿಮ್ಮ ಕತೆ ಬೀದರದ್ದಾಗಿರಬಹುದು, ಯಾದಗಿರಿಯದ್ದಾಗಿರಬಹುದು. ಕ್ರಮ ಮಾತ್ರ ಇದೇ ನಡೆಯುತ್ತದೆ.

ಮೊದಲು ಮೂರು ಕಡತ ಮಾಡಿಕೊಳ್ಳಿ

ಈ ಯೋಚನೆ ನನ್ನದಲ್ಲ. ನಮ್ಮ ನೆಲದ್ದೇ. ಹನ್ನೆರಡನೇ ಶತಮಾನದ ಹೊತ್ತಿಗೆ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ 'ಮಿತಾಕ್ಷರ' ಬರೆದ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವಿವರಣೆ ಅದು. ಆಸ್ತಿ ಪಾಲಿನ ಮಾತು ಬಂದಾಗ ಎಲ್ಲರೂ ಅದರ ಹೆಸರು ಹೇಳುತ್ತಾರೆ. ಆದರೆ ಅದರ ವ್ಯವಹಾರ ಭಾಗದಲ್ಲಿ ನ್ಯಾಯ ಹೇಳುವ ಬಗೆಯೂ ಇದೆ. ಒಂದು ಮಾತು ನಿಜ ಅಂತ ತೋರಿಸಲು ಮೂರು ದಾರಿ: ಲಿಖಿತ, ಭುಕ್ತಿ, ಸಾಕ್ಷಿ. ಬರೆದದ್ದು, ಅನುಭವಿಸುತ್ತಿರುವುದು, ನೋಡಿದವರು ಹೇಳಿದ್ದು. ಈ ಮೂರೂ ಇಲ್ಲದಾಗ ಮಾತ್ರ ದಿವ್ಯ, ಅಂದರೆ ಬೆಂಕಿ ನೀರಿನ ಪರೀಕ್ಷೆ.

ಅಪರಾಧ ಕಾದಂಬರಿ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪಟ್ಟಿ ನನಗೆ ಸಿಕ್ಕಿಲ್ಲ. ಮೂರು ಕಡತ ಮಾಡಿ, ಮೇಲೆ ಈ ಮೂರು ಹೆಸರು ಬರೆಯಿರಿ. ಓದಿದ್ದೆಲ್ಲ ಇವುಗಳೊಳಗೆ ಹೋಗಲಿ. ಒಂದು ಕಡತ ಹೇಳುವುದನ್ನು ಇನ್ನೊಂದು ಒಪ್ಪದೆ ಇರುವ ಕಡೆ ಕೆಂಪು ಗೆರೆ ಎಳೆಯಿರಿ. ಕತೆ ಇರುವುದು ಅಲ್ಲೇ.

ಹಂತ 1: ಪಹಣಿ ಓದಿ

ಎಫ್‌ಐಆರ್‌ಗಿಂತ ಮೊದಲು ಪಹಣಿ. ಹಳ್ಳಿಯ ಕೊಲೆಯ ಕತೆ ಬರೆಯುವಾಗ ನಾನು ಶುರು ಮಾಡುವುದು ಇಲ್ಲಿಂದಲೇ. ಕಂದಾಯ ಇಲಾಖೆಯ 'ಭೂಮಿ' ವೆಬ್‌ಸೈಟಿನಲ್ಲಿ ಜಿಲ್ಲೆ, ತಾಲೂಕು, ಹೋಬಳಿ, ಊರು, ಸರ್ವೆ ನಂಬರ್ ಹಾಕಿದರೆ ಪಹಣಿ ಕಾಣುತ್ತದೆ. ನಿಮ್ಮದೇ ಮನೆಯ ಹೊಲದ್ದನ್ನು ಮೊದಲು ತೆಗೆದು ಓದಲು ಕಲಿಯಿರಿ.

9ನೇ ಕಾಲಂನಲ್ಲಿ ಮಾಲೀಕರ ಹೆಸರು, ವಿಸ್ತೀರ್ಣ. 10ರಲ್ಲಿ ಆ ಹೊಲ ಅವರಿಗೆ ಹೇಗೆ ಬಂತು ಅನ್ನುವುದು. 11ರಲ್ಲಿ ಸಾಲ, ಇತರ ಹಕ್ಕು. 12ರಲ್ಲಿ ಯಾರು ಉಳುತ್ತಿದ್ದಾರೆ, ಏನು ಬೆಳೆ. ಈಗ ನೋಡಿ, 9ರಲ್ಲಿ ಒಬ್ಬರ ಹೆಸರು, 12ರಲ್ಲಿ ಇನ್ನೊಬ್ಬರ ಹೆಸರು ಇದ್ದರೆ? ಒಂದು ಲಿಖಿತ, ಇನ್ನೊಂದು ಭುಕ್ತಿ. ಒಂದೇ ಹಾಳೆಯಲ್ಲಿ ಎರಡು ಕಡತಗಳ ಜಗಳ. ನನ್ನ ಕಾದಂಬರಿಯ ಅಣ್ಣ 9ರಲ್ಲಿದ್ದಾನೆ, ತಮ್ಮ 12ರಲ್ಲಿದ್ದಾನೆ. ತಂಗಿ ಎಲ್ಲೂ ಇಲ್ಲ.

ತಂಗಿ ಯಾಕೆ ಇಲ್ಲ ಅನ್ನುವುದಕ್ಕೆ ಹಿಂದೂ ಉತ್ತರಾಧಿಕಾರ ಕಾಯ್ದೆ ಓದಬೇಕು. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಕೊಟ್ಟಿತು. ಆ ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಹುಟ್ಟಿನಿಂದ ಹಕ್ಕು ಅನ್ನುವ ಮಾತು ವಿಜ್ಞಾನೇಶ್ವರನದೇ. ಆದರೆ ಆಗ ಅದು ಗಂಡುಮಕ್ಕಳಿಗೆ ಮಾತ್ರ ಇತ್ತು. ಇಷ್ಟೆಲ್ಲ ಆದ ಮೇಲೂ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಸೀರೆ ಕುಪ್ಪಸ ತಗೊಂಡು ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕುತ್ತಾರೆ. ತವರಿನ ದಾರಿ ಮುಚ್ಚಬಾರದು ಅನ್ನುವ ಒಂದೇ ಆಸೆಗೆ. ಆ ಸಹಿಯ ಹೊತ್ತಿನಲ್ಲಿ ಅವರ ಮನಸ್ಸಿನಲ್ಲಿ ಏನಿತ್ತು ಅಂತ ಯಾವ ದಾಖಲೆಯೂ ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ನಾವು.

ಹಳೆಯ ದಾಖಲೆಗೆ ಹೋದರೆ ಉರ್ದು ಎದುರಾಗುತ್ತದೆ. 1948ರ ಸೆಪ್ಟೆಂಬರ್‌ವರೆಗೆ ನಾವು ನಿಜಾಮರ ಹೈದರಾಬಾದಿನಲ್ಲಿ ಇದ್ದೆವಲ್ಲ. ವರ್ಷ ಫಸಲಿಯಲ್ಲಿ, ಅಂದರೆ ಆಗಿನ ಕಂದಾಯದ ವರ್ಷದ ಲೆಕ್ಕದಲ್ಲಿ ಇರುತ್ತದೆ. ಅದಕ್ಕೆ 590 ಕೂಡಿಸಿದರೆ ನಮ್ಮ ಈಗಿನ ವರ್ಷ ಹೆಚ್ಚುಕಡಿಮೆ ಸಿಗುತ್ತದೆ. ಓದಿ ಹೇಳಲು ಮೊಹಲ್ಲಾದ ಹಿರಿಯರೊಬ್ಬರನ್ನು ಹುಡುಕಿಕೊಳ್ಳಿ. ನನಗೆ ಓದಿ ಹೇಳುವ ಚಾಚಾ ಹಾಳೆಗಿಂತ ಜಾಸ್ತಿ ಹೇಳುತ್ತಾರೆ. ಅದನ್ನೂ ಬರೆದುಕೊಳ್ಳುತ್ತೇನೆ, ಆದರೆ ಸಾಕ್ಷಿ ಕಡತಕ್ಕೆ ಹಾಕುತ್ತೇನೆ.

ಹಂತ 2: ಹೊಸ ಕಾನೂನು ಪುಸ್ತಕ ಕೊಳ್ಳಿ

ಇಲ್ಲಿ ಜಾಸ್ತಿ ಹೊತ್ತು ಬೇಡ, ಆದರೆ ತಪ್ಪಿಸುವ ಹಾಗಿಲ್ಲ. 2024ರ ಜುಲೈ 1ರಿಂದ ಅಪರಾಧಕ್ಕೆ ಶಿಕ್ಷೆ ಹೇಳುವ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಸಿಆರ್‌ಪಿಸಿ ಜಾಗಕ್ಕೆ, ಅಂದರೆ ತನಿಖೆ ವಿಚಾರಣೆಯ ಕ್ರಮ ಹೇಳುವ ಕಾಯ್ದೆಯ ಜಾಗಕ್ಕೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆ ಜಾಗಕ್ಕೆ ಸಾಕ್ಷ್ಯ ಅಧಿನಿಯಮ. ಕೊಲೆಗೆ 302 ಅನ್ನುವುದು ಎಲ್ಲರ ಬಾಯಲ್ಲಿ ಕೂತಿದೆ. ಈಗ ಅದು 103. ಕೊಲೆ ಯತ್ನದ 307 ಈಗ 109. ಸಾಕ್ಷ್ಯ ನಾಶದ 201 ಈಗ 238. ಮೋಸದ 420 ಈಗ 318. ಆದರೆ ನಿಮ್ಮ ಕತೆಯ ಕೊಲೆ 2023ರಲ್ಲಿ ನಡೆದಿದ್ದರೆ 302 ಅಂತಲೇ ಬರೆಯಬೇಕು. ಲೆಕ್ಕಕ್ಕೆ ಬರುವುದು ಅಪರಾಧ ನಡೆದ ದಿನ, ಕೇಸ್ ನಡೆಯುವ ದಿನವಲ್ಲ.

ಬರೆಯುವವರು ತಪ್ಪದೆ ಓದಬೇಕಾದ ಕಲಮು ಒಂದಿದೆ, ಸಾಕ್ಷ್ಯ ಅಧಿನಿಯಮದ 23. ಪೊಲೀಸರ ಮುಂದೆ ಒಪ್ಪಿಕೊಂಡ ತಪ್ಪು ಕೋರ್ಟಿನಲ್ಲಿ ಆರೋಪಿಯ ವಿರುದ್ಧ ನಿಲ್ಲುವುದಿಲ್ಲ. ಆದರೆ ಅವನು ಹೇಳಿದ ಮಾತಿನಿಂದ ಏನಾದರೂ ವಸ್ತು ಸಿಕ್ಕರೆ, ಆ ವಸ್ತು ಸಿಗಲು ಕಾರಣವಾದ ಅಷ್ಟು ಮಾತು ನಿಲ್ಲುತ್ತದೆ. ಇದನ್ನು ಓದಿದ ರಾತ್ರಿ ನನ್ನ ಕೊನೆಯ ಅಧ್ಯಾಯ ಬಿದ್ದುಹೋಯಿತು. ತಮ್ಮ ಠಾಣೆಯಲ್ಲಿ ಅಳುತ್ತ ಎಲ್ಲ ಒಪ್ಪಿಕೊಳ್ಳುವಲ್ಲಿಗೆ ಕತೆ ಮುಗಿಯುತ್ತಿತ್ತು. ಈಗ ಆ ಅಳು ನಡುವಿನಲ್ಲಿ ಬರುತ್ತದೆ. ನಿಜವಾದ ಕೇಸು ಅಲ್ಲಿಂದ ಶುರುವಾಗುತ್ತದೆ. ಕೊಡಲಿ ಎಲ್ಲಿದೆ ಅಂತ ಅವನು ಹೇಳುತ್ತಾನಾ, ಹೇಳಿದರೆ ತೆಗೆಯುವಾಗ ನೋಡಿ ಸಹಿ ಹಾಕುವ ಪಂಚರು ಯಾರಿದ್ದರು?

ಇನ್ನೊಂದು ಗಡಿಯಾರವನ್ನೂ ತಲೆಯಲ್ಲಿಡಿ. ಹಿಡಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು. ಕೊಲೆ ಕೇಸಿನಲ್ಲಿ ಆರೋಪಿ ಒಳಗಿದ್ದಾಗ 90 ದಿನದಲ್ಲಿ ದೋಷಾರೋಪಣ ಪಟ್ಟಿ ಹಾಕದಿದ್ದರೆ ಅವನಿಗೆ ಜಾಮೀನು ಕೇಳುವ ಹಕ್ಕು ಬರುತ್ತದೆ. ಕತೆಗೆ ಓಟ ಬೇಕು ಅಂತ ಬಾಂಬು ಇಡಬೇಕಾಗಿಲ್ಲ. ಈ 90 ದಿನ ಸಾಕು.

ಹಂತ 3: ತೀರ್ಪುಗಳನ್ನು ಓದಿ, ಅದರಲ್ಲೂ ಖುಲಾಸೆ ಆದವನ್ನು

ನಾನು ಅತಿ ಜಾಸ್ತಿ ಹೊತ್ತು ಕೊಡುವುದು ಇದಕ್ಕೆ. ನೂರು ಪತ್ತೇದಾರಿ ಕತೆ ಓದಿದರೂ ಸಿಗದಷ್ಟು ಜೀವ ಜಿಲ್ಲಾ ಸೆಷನ್ಸ್ ಕೋರ್ಟಿನ ಒಂದು ತೀರ್ಪಿನಲ್ಲಿ ಇರುತ್ತದೆ.

ಇ-ಕೋರ್ಟ್ಸ್ ವೆಬ್‌ಸೈಟಿಗೆ ಹೋಗಿ ರಾಜ್ಯ, ಜಿಲ್ಲೆ, ಕೋರ್ಟು ಆರಿಸಿ. ಕೊಲೆ ಕೇಸುಗಳು ಸೆಷನ್ಸ್ ಕೇಸ್, ಅಂದರೆ ಎಸ್‌ಸಿ ಅನ್ನುವ ತಲೆಬರಹದಲ್ಲಿರುತ್ತವೆ. ಮುಗಿದ ಕೇಸುಗಳನ್ನು ಮಾತ್ರ ನೋಡಿ. ಮೇಲ್ಮನವಿಗೆ ಹೋದದ್ದು ಬೇಕಾದರೆ ಹೈಕೋರ್ಟಿನ ಕಲಬುರಗಿ ಪೀಠ. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆಯಿತು. ಬೀದರ, ಯಾದಗಿರಿ, ರಾಯಚೂರು, ವಿಜಯಪುರದ ಕೇಸುಗಳೂ ಇಲ್ಲಿಗೇ ಬರುತ್ತವೆ. ಈ ಪೀಠದ ಕೇಸು ನಂಬರುಗಳು 2 ಲಕ್ಷದ ಮೇಲೆ ಇರುತ್ತವೆ, ಧಾರವಾಡದವು 1 ಲಕ್ಷದ ಮೇಲೆ. ನಂಬರ್ ನೋಡಿದ ಕೂಡಲೇ ನಮ್ಮ ಕಡೆಯದ್ದು ಅಂತ ಗೊತ್ತಾಗುತ್ತದೆ.

ತೀರ್ಪನ್ನು ಮೊದಲ ಪುಟದಿಂದ ಓದಬೇಡಿ. ಕೊನೆಗೆ ಹೋಗಿ. ಅಲ್ಲಿ ಸಾಕ್ಷಿಗಳ ಪಟ್ಟಿ, ದಾಖಲೆಗಳ ಪಟ್ಟಿ, ಮುದ್ದೆಮಾಲಿನ, ಅಂದರೆ ಜಪ್ತಿ ಮಾಡಿದ ವಸ್ತುಗಳ ಪಟ್ಟಿ ಇರುತ್ತದೆ. ಒಂದು ಹರಿದ ಬನಿಯನ್, ಒಂದು ಜೊತೆ ಚಪ್ಪಲಿ, ಒಂದು ಸ್ಟೀಲ್ ಡಬ್ಬಿ, ರಕ್ತ ತಾಗಿದ ಮಣ್ಣು, ಪಕ್ಕದಲ್ಲೇ ರಕ್ತ ತಾಗದ ಮಣ್ಣು. ಈ ಪಟ್ಟಿಯನ್ನಷ್ಟೇ ನೋಡಿ ಏನಾಗಿರಬಹುದು ಅಂತ ಒಂದು ಪುಟ ಬರೆಯಿರಿ. ಆಮೇಲೆ ತೀರ್ಪು ಓದಿ. ನಿಮ್ಮ ಊಹೆ ಎಲ್ಲಿ ತಪ್ಪಿತು ಅಂತ ನೋಡಿ. ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

ಶಿಕ್ಷೆ ಆದ ಕೇಸಿನಲ್ಲಿ ಎಲ್ಲವೂ ಕೂಡಿಬಂದಿರುತ್ತದೆ, ಹಾಗಾಗಿ ಕಲಿಯಲು ಕಡಿಮೆ. ಖುಲಾಸೆಯ ತೀರ್ಪಿನಲ್ಲಿ ನ್ಯಾಯಾಧೀಶರು ಎಲ್ಲೆಲ್ಲಿ ದಾರ ಹರಿಯಿತು ಅಂತ ಒಂದೊಂದಾಗಿ ತೋರಿಸುತ್ತಾರೆ. ಫಿರ್ಯಾದಿ ಕೊಡಲು ತಡ ಯಾಕಾಯಿತು? ಎಫ್‌ಐಆರ್‌ನಲ್ಲೇ ಅದಕ್ಕೊಂದು ಕಾಲಂ ಇದೆ, ತಡವಾದ ಕಾರಣ ಅಂತ. ಕೊಡಲಿ ಜಪ್ತಿ ಮಾಡಿದ ಪಂಚರು ಕಟಕಟೆಗೆ ಬಂದು "ನಮಗ ಏನೂ ಗೊತ್ತಿಲ್ರಿ, ಸ್ಟೇಷನ್ನಾಗ ಸಹಿ ಮಾಡಂದ್ರು, ಮಾಡೀವಿ" ಅನ್ನುತ್ತಾರೆ. ಸಾಕ್ಷಿ ತಿರುಗಿ ಬಿದ್ದ ಅಂತ ವಕೀಲರು ಹೇಳುವುದು ಇದನ್ನೇ. ತೀರ್ಪಿನಲ್ಲಿ ಇದು ಒಂದೇ ಸಾಲು. ಆದರೆ ಕಟಕಟೆ ಹತ್ತುವ ಮೊದಲಿನ ಆರು ತಿಂಗಳಲ್ಲಿ ಆ ಮನುಷ್ಯನ ಮನೆಗೆ ಯಾರು ಬಂದುಹೋದರು? ಹೊಲಕ್ಕೆ ಹೋಗುವ ದಾರಿ ಯಾರ ಹೊಲದ ಮೇಲಿತ್ತು? ಇವನ್ನೆಲ್ಲ ಓದಿ ತಿಳಿಯಲಾಗದು. ಆದರೆ ಕೇಳಬೇಕಾದ ಪ್ರಶ್ನೆ ಸಿಗುವುದು ಓದಿನಿಂದಲೇ.

ಓದಿದ ಮೇಲೆ ಒಂದು ದಿನ ಕೋರ್ಟಿಗೆ ಹೋಗಿ ಕೂಡಿ. ವಿಚಾರಣೆ ಸಾಮಾನ್ಯವಾಗಿ ಎಲ್ಲರಿಗೂ ತೆರೆದದ್ದು, ಲೈಂಗಿಕ ಅಪರಾಧದಂಥ ಕೆಲವು ಬಿಟ್ಟು. ಫೋನ್ ಬಂದ್ ಮಾಡಿ, ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂಡಿ. ಗಂಟೆಗಟ್ಟಲೆ ಕಾಯುವ ಸಾಕ್ಷಿಯ ಕೈ ಏನು ಮಾಡುತ್ತಿರುತ್ತದೆ ಅಂತ ನೋಡಿ.

ಹಾಗೆಯೇ ಪೊಲೀಸರ ಮಾತಿನ ಒಂದು ಪಟ್ಟಿ ಮಾಡಿಕೊಳ್ಳಿ. ಗಣಿಯಲ್ಲಿ ಹೆಣ ಸಿಕ್ಕಾಗ ಕೊಲೆ ಅಂತ ಗೊತ್ತಿರುವುದಿಲ್ಲ. ಮೊದಲು ಆಗುವುದು ಯುಡಿಆರ್, ಅಸಹಜ ಸಾವಿನ ವರದಿ. ನಂತರ ಪಂಚರ ಎದುರು ಶವ ಪಂಚನಾಮೆ. ಅನುಮಾನ ಬಂದ ಮೇಲೆ ಕೊಲೆಯ ಎಫ್‌ಐಆರ್. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಸತ್ತರೆ ಪಂಚನಾಮೆಗೆ ತಹಶೀಲ್ದಾರರು ಬರುತ್ತಾರೆ. ತನಿಖೆಯಲ್ಲಿ ಕೇಸು ಸುಳ್ಳು ಅಂತ ಕಂಡರೆ 'ಬಿ' ರಿಪೋರ್ಟ್, ಯಾರು ಮಾಡಿದ್ದು ಅಂತ ಪತ್ತೆಯಾಗದಿದ್ದರೆ 'ಸಿ' ರಿಪೋರ್ಟ್. ಆ 'ಸಿ' ಅನ್ನುವ ಒಂದು ಅಕ್ಷರದ ಹಿಂದೆ ಉತ್ತರಕ್ಕೆ ಕಾಯುವ ಒಂದು ಮನೆ ಇರುತ್ತದೆ.

ಹಂತ 4: ದೇಹದ ಪಾಠ, ಆದರೆ ನಮ್ಮ ಬಿಸಿಲಿನಲ್ಲಿ

ವೈದ್ಯರ ಫೋನ್ ಬಂದ ಮೇಲೆ ನಾನು ಮೊದಲು ಕೊಂಡದ್ದು ಡಾ. ಜೈಸಿಂಗ್ ಪಿ. ಮೋದಿಯವರ ವೈದ್ಯಕೀಯ ನ್ಯಾಯಶಾಸ್ತ್ರದ ಪುಸ್ತಕ. 1920ರಲ್ಲಿ ಮೊದಲು ಬಂದದ್ದು, ಇಂದಿಗೂ ಹೊಸ ಹೊಸ ಆವೃತ್ತಿ ಬರುತ್ತಿದೆ. ಕೋರ್ಟಿನ ತೀರ್ಪುಗಳಲ್ಲಿ ಅದರ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಭಾರತದ ಹವೆಗೆ, ಭಾರತದ ವಿಷಗಳಿಗೆ, ಭಾರತದ ಆಯುಧಗಳಿಗೆ ಬರೆದದ್ದು ಅನ್ನುವುದೇ ಅದರ ಬೆಲೆ. ಹಳೆಯ ಆವೃತ್ತಿ ಸೆಕೆಂಡ್ ಹ್ಯಾಂಡ್ ಸಿಕ್ಕರೂ ಸಾಕು. ಪೂರ್ತಿ ಓದಬೇಡಿ. ಸಾವಿನ ನಂತರದ ಬದಲಾವಣೆ, ಗಾಯದ ಬಗೆಗಳು, ನೀರಲ್ಲಿ ಮುಳುಗಿದ ಸಾವು, ಈ ಮೂರು ಅಧ್ಯಾಯ ಓದಿ. ರಾತ್ರಿ ಊಟದ ನಂತರ ಬೇಡ.

ಸತ್ತ ಮೇಲೆ ದೇಹ ಸುತ್ತಲಿನ ಗಾಳಿಯ ಬಿಸಿಗೆ ಇಳಿಯುತ್ತದೆ. ಆದರೆ ಸುತ್ತಲೇ 42 ಡಿಗ್ರಿ ಇದ್ದರೆ ಇಳಿಯುವುದು ಎಲ್ಲಿಗೆ? ನಮ್ಮ ಬೇಸಿಗೆಯ ಹಗಲಲ್ಲಿ ಹೆಣ ತಣ್ಣಗಾಗುವುದಿಲ್ಲ, ಇನ್ನೂ ಬಿಸಿಯೇರಲೂಬಹುದು. ಮೈ ಸೆಟೆಯುವುದು ರೆಪ್ಪೆ, ದವಡೆಯಿಂದ ಶುರುವಾಗಿ ಕೆಳಗಿಳಿಯುತ್ತದೆ. ಸೆಕೆಗೆ ಅದು ಬೇಗ ಬರುತ್ತದೆ, ಬೇಗ ಹೋಗುತ್ತದೆ. ಹೊಟ್ಟೆಯ ಬಲಗಡೆ ಕೆಳಗೆ ಹಸಿರು ಬಣ್ಣ ಕಾಣುವುದು ಬೇಸಿಗೆಯಲ್ಲಿ ಅರ್ಧ ದಿನದ ಆಸುಪಾಸು, ಚಳಿಯಲ್ಲಿ ಒಂದೆರಡು ದಿನ. ಗಾಳಿಯಲ್ಲಿ ಒಂದು ವಾರದಲ್ಲಿ ಆಗುವ ಕೊಳೆತ ನೀರಲ್ಲಿ ಎರಡು ವಾರಕ್ಕೆ, ನೆಲದೊಳಗೆ ಎಂಟು ವಾರಕ್ಕೆ ಅಂತ ಹಳೆಯದೊಂದು ಅಂದಾಜಿನ ಲೆಕ್ಕವೂ ಇದೆ. ಹಾಗಾಗಿ ಸಾವಿನ ಹೊತ್ತನ್ನು ವೈದ್ಯರು ನಿಮಿಷ ಸಮೇತ ಹೇಳುವ ದೃಶ್ಯ ಬರೆಯಲೇಬೇಡಿ. ಅವರು ಹೇಳುವುದು ಇಷ್ಟರಿಂದ ಇಷ್ಟು ಗಂಟೆ ಅಂತ. ಆ ನಡುವಿನ ಅಗಲದಲ್ಲೇ ಅಪರಾಧಿ ಅಡಗುತ್ತಾನೆ.

ನನ್ನ ಗಣಿಯ ಹೆಣಕ್ಕೆ ಬೇಕಾದದ್ದು ಬೇರೆ. ಮನುಷ್ಯ ನೀರಿನಲ್ಲಿ ಉಸಿರೆಳೆಯುತ್ತ ಸತ್ತನೇ, ಸತ್ತ ಮೇಲೆ ನೀರಿಗೆ ಬಿದ್ದನೇ? ನೀರಿನಲ್ಲಿ ಡಯಾಟಮ್ ಅನ್ನುವ ಕಣ್ಣಿಗೆ ಕಾಣದ ಪಾಚಿಜೀವಿಗಳಿರುತ್ತವೆ. ಉಸಿರಾಡುತ್ತ ಮುಳುಗಿದರೆ ಅವು ರಕ್ತದ ಜೊತೆ ಹೋಗಿ ಮೂಳೆಯ ಮಜ್ಜೆಯವರೆಗೂ ಸೇರಬಹುದು. ಆದರೆ ಹೋಲಿಸಿ ನೋಡಲು ಆ ಗಣಿಯ ನೀರಿನ ಮಾದರಿಯೂ ಬೇಕು. ಪಂಚನಾಮೆಯ ದಿನ ಒಂದು ಬಾಟಲಿ ನೀರು ತುಂಬಿಕೊಳ್ಳಲು ಯಾರೂ ನೆನಪಿಡದಿದ್ದರೆ? ಮಳೆ ಬಂದು ಗಣಿ ತುಂಬಿ ನೀರೇ ಬದಲಾಗಿಬಿಟ್ಟರೆ? ನನ್ನ ಕಾದಂಬರಿಯ ನಡುಭಾಗ ಈ ಒಂದು ಬಾಟಲಿಯ ಮೇಲೆ ನಿಂತಿದೆ. ಮಾದರಿಗಳನ್ನು ಎಲ್ಲ ಬೆಂಗಳೂರಿಗೇ ಕಳಿಸಬೇಕು ಅಂತೇನಿಲ್ಲ. ಕಲಬುರಗಿಯಲ್ಲೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ.

ವಿಷದ ಬಗ್ಗೆ ಒಂದು ಮಾತು. ಓದಿ, ಆದರೆ ಓದಿದ್ದನ್ನೆಲ್ಲ ಬರೆಯಬೇಡಿ. ಯಾವ ಪ್ರಮಾಣ, ಎಲ್ಲಿ ಸಿಗುತ್ತದೆ, ಹೇಗೆ ಅಡಗಿಸುವುದು ಅನ್ನುವುದು ಕತೆಗೆ ಬೇಕಾಗುವುದೇ ಇಲ್ಲ. ಹೊಲದ ಎಣ್ಣೆ, ಅಂದರೆ ಕೀಟನಾಶಕ ಕುಡಿದು ಸಾಯುವ ರೈತರಿರುವ ಜಿಲ್ಲೆಗಳು ನಮ್ಮವು. ಅಂಥ ಮನೆಯವರೂ ನಮ್ಮ ಪುಸ್ತಕ ಓದುತ್ತಾರೆ.

ಹಂತ 5: ಹಳೆಯ ಎರಡು ಕೇಸು

ಬೀದರಿಗೆ ಹೋದವರು ಮಹಮೂದ್ ಗವಾನರ ಮದರಸಾ ನೋಡಿರುತ್ತೀರಿ. 1472ರಲ್ಲಿ ಕಟ್ಟಿಸಿದ್ದು. 1481ರಲ್ಲಿ ಆ ಮುದಿ ಪ್ರಧಾನಿಯನ್ನು ಬಹಮನಿ ಸುಲ್ತಾನ ಮೂರನೇ ಮಹಮ್ಮದ್ ಕೊಲ್ಲಿಸಿದ. ಕಾರಣ ಒಂದು ಪತ್ರ. ಇತಿಹಾಸಕಾರ ಫೆರಿಷ್ತಾ ಹೇಳುವ ಪ್ರಕಾರ, ಆಗದವರು ಗವಾನರ ಮುದ್ರೆ ಇಡುವ ಸೇವಕನನ್ನು ಒಲಿಸಿಕೊಂಡು ಖಾಲಿ ಹಾಳೆಗೆ ಮುದ್ರೆ ಒತ್ತಿಸಿದರು. ಆಮೇಲೆ ಒಡಿಶಾದ ರಾಜನಿಗೆ ಬರೆದ ದ್ರೋಹದ ಪತ್ರ ಅಂತ ಅದನ್ನು ತುಂಬಿದರು. ಸುಲ್ತಾನ ಮುದ್ರೆ ನೋಡಿದ, ಬರೆದವರು ಯಾರು ಅಂತ ನೋಡಲಿಲ್ಲ. ಮುದ್ರೆ ನಿಜ, ಪತ್ರ ಸುಳ್ಳು. ಲಿಖಿತ ಕಡತವನ್ನು ಕಣ್ಣು ಮುಚ್ಚಿ ನಂಬಬಾರದು ಅನ್ನುವುದಕ್ಕೆ ನಾನು ಇದರ ಒಂದು ಹಾಳೆಯನ್ನು ಆ ಕಡತದ ಮೊದಲಿಗೇ ಇಟ್ಟಿದ್ದೇನೆ. ತಂಗಿಯ ಹಕ್ಕು ಬಿಟ್ಟ ಪತ್ರದ ಹೆಬ್ಬೆಟ್ಟು ನಿಜ. ಪತ್ರದ ಒಳಗಿನ ಮಾತು ಅವಳಿಗೆ ಓದಿ ಹೇಳಿದ್ದಾರಾ?

ಎರಡನೆಯದಕ್ಕೆ ಯಾದಗಿರಿ ಜಿಲ್ಲೆಯ ಸುರಪುರಕ್ಕೆ ಹೋಗಬೇಕು. ಅಲ್ಲಿನ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಮೆಡೋಸ್ ಟೇಲರ್ ಕಟ್ಟಿಸಿದ ಮನೆ. ನಿಜಾಮರ ಸೇವೆಯಲ್ಲಿದ್ದ ಆ ಅಧಿಕಾರಿ ಸುರಪುರಕ್ಕೆ ಬರುವ ಮೊದಲೇ, 1839ರಲ್ಲಿ, ಠಕ್ಕನೊಬ್ಬ ತನ್ನ ತಪ್ಪುಗಳನ್ನು ತಾನೇ ಹೇಳುವ 'ಕನ್ಫೆಷನ್ಸ್ ಆಫ್ ಎ ಠಗ್' ಎಂಬ ಕಾದಂಬರಿ ಬರೆದಿದ್ದರು. ದಾರಿಹೋಕರ ಜೊತೆ ಸ್ನೇಹ ಮಾಡಿ ರುಮಾಲಿನಿಂದ ಕೊರಳು ಬಿಗಿಯುವವರ ಹೇಳಿಕೆಗಳೇ ಅದಕ್ಕೆ ಆಧಾರ. ಅಪರಾಧಿಗೆ ಬಾಯಿ ಕೊಟ್ಟು, ನಡುವೆ ಬುದ್ಧಿ ಹೇಳದೆ ಕೇಳುವುದನ್ನು ನಾನು ಅಲ್ಲಿ ಕಲಿತೆ. ಜೊತೆಗೆ ಒಂದು ಎಚ್ಚರಿಕೆಯನ್ನೂ. ಆ ಹೇಳಿಕೆ ಕೊಟ್ಟವರ ಎದುರು ನೇಣಿನ ಹಗ್ಗ ಇತ್ತು. ಕೇಳಿದವರು, ಬರೆದುಕೊಂಡವರು ಆಳುವವರು. ಅದರಲ್ಲಿ ಎಷ್ಟು ನಿಜ ಅಂತ ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಯಾವ ಹೇಳಿಕೆ ಓದಿದರೂ ಅಂಚಿನಲ್ಲಿ ಬರೆದುಕೊಳ್ಳಿ: ಕೇಳಿದ್ದು ಯಾರು, ಬರೆದದ್ದು ಯಾರು, ಹೇಳಿದವರಿಗೆ ಯಾರ ಭಯ ಇತ್ತು.

ಹಂತ 6: ಬೆಳೆ, ಮಣ್ಣು, ಮಾತು

ಕೃಷಿ ಇಲಾಖೆಯ ಬೆಳೆ ಕೈಪಿಡಿಯೂ ಅಪರಾಧ ಕಾದಂಬರಿಕಾರರ ಪುಸ್ತಕವೇ. ತೊಗರಿ ಜೂನ್-ಜುಲೈನಲ್ಲಿ ಬಿತ್ತುತ್ತಾರೆ, ಡಿಸೆಂಬರ್-ಜನವರಿಗೆ ಕೊಯ್ಲು. ನವೆಂಬರಿನಲ್ಲಿ ಅದು ಆಳೆತ್ತರ. ಒಬ್ಬ ಮನುಷ್ಯ ಒಳಗೆ ಹೋದರೆ ಬದುವಿನಲ್ಲಿ ನಿಂತವನಿಗೂ ಕಾಣುವುದಿಲ್ಲ. ಫೆಬ್ರವರಿಯಲ್ಲಿ ಅದೇ ಹೊಲದಲ್ಲಿ ನಾಯಿ ಓಡಿದರೂ ಅರ್ಧ ಮೈಲಿಯಿಂದ ಕಾಣುತ್ತದೆ. 'ನಾನು ದೂರದಿಂದ ನೋಡಿದೆ' ಅನ್ನುವ ಸಾಕ್ಷಿಯನ್ನು ಬೆಳೆಯೇ ಸುಳ್ಳು ಮಾಡಬಹುದು. ಕರಿ ಮಣ್ಣು ಮಳೆಗೆ ಚಪ್ಪಲಿಗೆ ಅಂಟಿ ಬರುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಆ ಬಿರುಕಿನಲ್ಲಿ ಒಂದು ಸಿಮ್ ಕಾರ್ಡ್ ಬಿದ್ದರೆ ಹುಡುಕಿ ತೆಗೆಯಲು ಸಾಧ್ಯವೇ?

ಹಳೆಯ ದಿನಪತ್ರಿಕೆಗಳ ಜಿಲ್ಲಾ ಪುಟವನ್ನು ಗ್ರಂಥಾಲಯದಲ್ಲಿ ತಿರುವಿ ಹಾಕಿ. ಅಪರಾಧ ಸುದ್ದಿ ಮಾತ್ರ ನೋಡಬೇಡಿ. ಆವತ್ತಿನ ತೊಗರಿ ದರ, ಕರೆಂಟ್ ಹೋಗುವ ಹೊತ್ತು, ಜಾತ್ರೆಗೆ ಬಿಟ್ಟ ಬಸ್ಸು, ಇವೇ ಜಾಸ್ತಿ ಕೆಲಸಕ್ಕೆ ಬರುತ್ತವೆ. ದೇಶದ ಲೆಕ್ಕ ಬೇಕಾದರೆ 1953ರಿಂದ ಬರುತ್ತಿರುವ 'ಕ್ರೈಂ ಇನ್ ಇಂಡಿಯಾ' ವರದಿ ಇದೆ. ಕೊಲೆಗೆ ಕಾರಣಗಳ ಕೋಷ್ಟಕ ಒಂದನ್ನು ನೋಡಿದರೆ ಸಾಕು.

ಮಾತಿಗೆ ಪುಸ್ತಕ ಸಾಲದು. ಸೂಪರ್ ಮಾರ್ಕೆಟ್ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಲ್ಲಿ. "ಎಲ್ಲಿಗಿ ಹೊಂಟಿ ಕಾಕಾ", "ಏನ್ ಮಾಡ್ಲತ್ತೀರಿ" ಅನ್ನುವವರು ಠಾಣೆಗೆ ಹೋದಾಗ ಹೇಗೆ ಮಾತಾಡುತ್ತಾರೆ? ಹೇಳಿಕೆಯಲ್ಲಿ ಬರೆಯುವವರು ಅದನ್ನು 'ಸದರಿ ದಿನ ಸಮಯ ಸುಮಾರು' ಅಂತ ಮಾಡುತ್ತಾರೆ. ನಮ್ಮ ಜನರ ಮಾತು ಆ ಕಾಗದದ ಮಾತಿನ ಕೆಳಗೆ ಹೂತುಹೋಗಿರುತ್ತದೆ. ಒಂದು ಹೇಳಿಕೆ ತೆಗೆದುಕೊಂಡು ಹೇಳಿದವರ ಬಾಯಿಮಾತಿಗೆ ತಿರುಗಿ ಬರೆಯುವುದನ್ನು ಅಭ್ಯಾಸ ಮಾಡಿ.

ಹಂತ 7: ಯಾವುದನ್ನು ಬಿಡಬೇಕು

ತೀರಾ ಇತ್ತೀಚಿನ, ನಮ್ಮದೇ ಓಣಿಯ ಕೊಲೆಯನ್ನು ನಾನು ಮುಟ್ಟುವುದಿಲ್ಲ. ಆ ತಾಯಿ ದಿನಾ ಅದೇ ಕಿರಾಣಿ ಅಂಗಡಿಗೆ ಬರುತ್ತಾರೆ. ಒಂದು ಕೇಸಿನಿಂದ ಒಂದಕ್ಕಿಂತ ಹೆಚ್ಚು ವಿವರ ತೆಗೆಯುವುದಿಲ್ಲ. ಊರು, ಜಾತಿ, ಮನೆತನ ಗುರುತು ಸಿಗುವ ಹಾಗೆ ಇಡುವುದಿಲ್ಲ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಕಾನೂನಿನಲ್ಲೂ ಅಪರಾಧ. ತನಿಖೆ ನಡೆಯುತ್ತಿರುವ ಕೇಸಿನ ಬಗ್ಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಕೊಡದಿರಬಹುದು, ಅದು ಸರಿಯೇ. ಮುಗಿದ ವಿಷಯಗಳಿಗೆ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನ ಕಾಯಿರಿ.

ಓದು ಯಾವಾಗ ನಿಲ್ಲಿಸಬೇಕು? ನನ್ನದೊಂದು ಅಳತೆ ಇದೆ. ಓದಿದ್ದು ಒಂದಾದರೂ ದೃಶ್ಯವನ್ನು ಬದಲಾಯಿಸಬೇಕು. ಸತತ ಒಂದು ವಾರ ಓದಿದರೂ ಏನೂ ಬದಲಾಗದಿದ್ದರೆ ಪುಸ್ತಕ ಮುಚ್ಚಿ ಬರೆಯಲು ಕೂಡುತ್ತೇನೆ. ನಾನಿನ್ನೂ ಅಲ್ಲಿಗೆ ಮುಟ್ಟಿಲ್ಲ. ಕಳೆದ ಗುರುವಾರದವರೆಗೆ ನನ್ನ ಕತೆಯಲ್ಲಿ ಗಣಿಯ ಹೆಣ ಶುಕ್ರವಾರ ರಾತ್ರಿ ಬಿದ್ದು ಅದೇ ರಾತ್ರಿ ತೇಲುತ್ತಿತ್ತು. ಮುಳುಗಿದ ದೇಹ ಬೇಸಿಗೆಯಲ್ಲೂ ತೇಲಿ ಬರಲು ಒಂದೆರಡು ದಿನ ಬೇಕು ಅಂತ ಓದಿದ ಮೇಲೆ ಅದನ್ನು ಭಾನುವಾರಕ್ಕೆ ತಂದಿದ್ದೇನೆ. ನಡುವೆ ಒಂದು ಶನಿವಾರ ಖಾಲಿ ಸಿಕ್ಕಿದೆ. ಆ ದಿನ ತಂಗಿ ತವರಿಗೆ ಬಂದಿದ್ದಳು. ಅಣ್ಣ ಎಲ್ಲಿ ಅಂತ ಕೇಳಿದಾಗ ತಮ್ಮ ರೊಟ್ಟಿ ಮುರಿಯುತ್ತ ಏನು ಹೇಳಿದ ಅನ್ನುವುದನ್ನು ಈಗ ಬರೆಯುತ್ತಿದ್ದೇನೆ.